ದಿನವೂ ಜಗಳವಾಡುವವರು ನನ್ನ ಬಾಗಿಲು ಮುರಿದ ಬಗ್ಗೆ

ಹೇಳಿಕೆ ಕೊಟ್ಟವರು: ಬಡಾವಣೆಯವರೆಲ್ಲ ‘ಹಲ್ಲಿನಕ್ಕ’ ಎಂದು ಕರೆಯುವವರು
ವಯಸ್ಸು: ಐವತ್ತೊಂಬತ್ತು
ಉದ್ಯೋಗ: ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ ಮಾಡಿಕೊಡುವುದು
ವಾಸ: ನೀರಿನ ಟ್ಯಾಂಕಿನ ಹಿಂದಿನ ಅಡ್ಡರಸ್ತೆ, ಎರಡನೇ ಕಟ್ಟಡ, ನೆಲಮಹಡಿ

ಯಾರ ಒತ್ತಾಯವೂ ಇಲ್ಲದೆ, ನೋವಿನ ಇಂಜೆಕ್ಷನ್ನಿನ ಮಂಪರು ಪೂರ್ತಿ ಇಳಿದ ಮೇಲೆ, ಆಸ್ಪತ್ರೆಯ ಮಂಚದ ಮೇಲೆ ಕುಳಿತು ನಾನು ಈ ಮೂಲಕ ತಿಳಿಸುವುದೇನೆಂದರೆ, ಇಂದು ಬೆಳಿಗ್ಗೆ ನನ್ನ ಮನೆಯ ಮುಂಬಾಗಿಲು ಮುರಿದು ಒಳಗೆ ಬಂದ ಲಿಫ್ಟ್ ಮೆಕ್ಯಾನಿಕ್ ಅವರನ್ನು ಠಾಣೆಯಲ್ಲಿ ಕೂರಿಸಿಕೊಂಡಿದ್ದಾರೆಂದು ಮಧ್ಯಾಹ್ನ ನನಗೆ ತಿಳಿಯಿತು. ಅವರು ಕಳ್ಳರಲ್ಲ. ನನ್ನ ಮೇಲೆ ಕೈ ಮಾಡಿದವರೂ ಅಲ್ಲ. ಅವರನ್ನು ಕತ್ತಲಾಗುವುದರೊಳಗೆ ಮನೆಗೆ ಕಳಿಸಬೇಕು ಎಂಬುದಕ್ಕಾಗಿಯೇ ಈ ಹೇಳಿಕೆ ಕೊಡುತ್ತಿದ್ದೇನೆ. ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಅವರು, ಅನ್ನಿಸಿದ್ದೆಲ್ಲ ಬೇಡ, ನಡೆದದ್ದನ್ನು ಮಾತ್ರ ಹೇಳಬೇಕು ಎಂದು ಶುರುವಿನಲ್ಲೇ ಎಚ್ಚರಿಸಿದ್ದಾರೆ. ಇದೇ ಮಾತನ್ನು ಒಂದು ವರ್ಷದಿಂದ ದಿನಾ ಬೆಳಿಗ್ಗೆ ಓದಿದವಳು ನಾನು. ಅಭ್ಯಾಸವಾಗಿದೆ.

ನಮ್ಮ ಬಡಾವಣೆಗೆ ಒಂದು ವಾಟ್ಸಾಪ್ ಗ್ರೂಪ್ ಇದೆ. ಔಷಧಿ ಅಂಗಡಿಯವರು ಅದನ್ನು ನಡೆಸುತ್ತಾರೆ. ನೀರು ಯಾವಾಗ ಬರುತ್ತದೆ, ಯಾರ ಬೆಕ್ಕು ಕಳೆದಿದೆ ಎಂಬಂಥ ವಿಷಯಗಳು ಅದರಲ್ಲಿ ಬರುತ್ತವೆ. ಕಳೆದ ವರ್ಷ ಪಾರ್ಕಿಗೆ ಹೊಸ ಬೆಂಚು ಹಾಕಿದರು. ಮೊದಲ ದಿನವೇ ಹೋಗಿ ಕೂತು ಬಂದು, ಬೆಂಚಿನ ಎತ್ತರ ಜಾಸ್ತಿಯಾಯಿತು ಎಂದು ಗ್ರೂಪಿನಲ್ಲಿ ಬರೆದೆ. ನನಗೆ ಪರಿಚಯವಿಲ್ಲದ ಒಂದು ನಂಬರಿನಿಂದ ತಕ್ಷಣ ಒಂದೇ ಪದ ಬಂತು: ‘ಪುರಾವೆ?’ ಅದು ಈ ಲಿಫ್ಟ್ ಮೆಕ್ಯಾನಿಕ್ ಅವರದು. ದೊಡ್ಡ ರಸ್ತೆಯ ಆಚೆ ಬದಿಯಲ್ಲಿ ಅವರ ಮನೆ. ಯಾರು ಏನೇ ಬರೆದರೂ ಅವರು ಕೇಳುವುದು ಅದನ್ನೇ ಆದ್ದರಿಂದ ಗ್ರೂಪಿನವರೆಲ್ಲ ಅವರನ್ನು ಪುರಾವೆ ಎಂದೇ ಕರೆಯುತ್ತಿದ್ದರು. ವಯಸ್ಸಿಗೆ ಮರ್ಯಾದೆ ಕೊಟ್ಟು ನಾನು ಪುರಾವೆಯವರು ಎನ್ನುತ್ತೇನೆ.

ಕೂತರೆ ನನ್ನ ಪಾದ ನೆಲಕ್ಕೆ ತಾಗುವುದಿಲ್ಲ, ಅದೇ ಪುರಾವೆ ಎಂದು ಉತ್ತರ ಬರೆದೆ. ಮರುದಿನ ಅವರು ಬೆಂಚಿಗೆ ಅಳತೆ ಟೇಪು ಹಿಡಿದು ಫೋಟೊ ತೆಗೆದು ಹಾಕಿದರು. ಕೆಳಗೆ ಹೀಗೆ ಬರೆದಿದ್ದರು: ‘ಮೇಡಂ, ಬೆಂಚು ಹದಿನೆಂಟು ಇಂಚು ಇದೆ ಅನ್ನೋದು ಸಂಗತಿ. ಅದು ಜಾಸ್ತಿ ಆಯ್ತು ಅನ್ನೋದು ನಿಮ್ಮ ಅಭಿಪ್ರಾಯ. ಎರಡನ್ನೂ ಕಲಸಬೇಡಿ.’ ನನಗೆ ಮೈಯೆಲ್ಲ ಉರಿಯಿತು. ನನ್ನ ಕಾಲು ನೇತಾಡುವುದೂ ಸಂಗತಿಯೇ, ಬೇಕಿದ್ದರೆ ಬಂದು ನನ್ನ ಕಾಲನ್ನೂ ಅಳೆದುಕೊಂಡು ಹೋಗಲಿ ಎಂದು ಬರೆದೆ. ಗ್ರೂಪಿನವರೆಲ್ಲ ನಗುವ ಮುಖ ಹಾಕಿದರು. ಅವರೊಬ್ಬರು ಹಾಕಲಿಲ್ಲ.

ಇದು ನಿಲ್ಲಲಿಲ್ಲ. ನಲ್ಲಿಯ ನೀರಿನ ರುಚಿ, ಬೀದಿ ದೀಪದ ಬೆಳಕು, ಹೊಸ ಡಾಕ್ಟರ ಮಾತಿನ ಧಾಟಿ, ಯಾವ ವಿಷಯ ಬಂದರೂ ನಾವಿಬ್ಬರೂ ಇದು ಸಂಗತಿಯೋ ಅಭಿಪ್ರಾಯವೋ ಎಂದು ಶುರು ಹಚ್ಚಿಕೊಳ್ಳುತ್ತಿದ್ದೆವು. ಉಳಿದವರ ತಲೆ ಕೆಟ್ಟುಹೋಯಿತು. ಕೊನೆಗೆ ಔಷಧಿ ಅಂಗಡಿಯವರು ‘ಬೆಂಚು’ ಎಂಬ ಹೆಸರಿನ ಬೇರೆ ಗ್ರೂಪ್ ಮಾಡಿ, ನಮ್ಮಿಬ್ಬರನ್ನು ಅದಕ್ಕೆ ಹಾಕಿ, ‘ಇಲ್ಲಿ ಎಷ್ಟು ಬೇಕಾದ್ರೂ ಕಿತ್ತಾಡಿಕೊಳ್ಳಿ, ಊರಿನವರ ಫೋನಿಗೆ ಸ್ವಲ್ಪ ಉಸಿರಾಡೋಕೆ ಬಿಡಿ’ ಎಂದು ಬರೆದು ತಾವು ಹೊರಗೆ ಹೋದರು. ಅಂದಿನಿಂದ ಆ ಗ್ರೂಪಿನಲ್ಲಿ ಇರುವವರು ನಾವಿಬ್ಬರೇ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವರು ಒಂದು ಮಾತು ಎಸೆಯುತ್ತಾರೆ. ಅವರ ಟೀ ಮುಗಿಯುವುದರೊಳಗೆ ನಾನು ಉತ್ತರ ಕೊಡುತ್ತೇನೆ. ಜ್ವರ ಬಂದು ಮಲಗಿದ್ದಾಗಲೂ ನಾನು ಇದನ್ನು ತಪ್ಪಿಸಿಲ್ಲ. ನಮ್ಮ ಭೇಟಿ ಇಂದಿನವರೆಗೆ ಆಗಿರಲಿಲ್ಲ.

ನನ್ನ ವಾದ ಏನಿತ್ತೆಂದು ಹೆಡ್ ಕಾನ್‌ಸ್ಟೇಬಲ್ ಅವರು ಕೇಳಿದ್ದರಿಂದ ಹೇಳುತ್ತೇನೆ. ನಾನು ಮಾಡಿದ ಹಲ್ಲಿನ ಸೆಟ್ ದವಡೆಯ ಪ್ಲಾಸ್ಟರ್ ಅಚ್ಚಿನ ಮೇಲೆ ಕೂದಲೆಳೆಯಷ್ಟೂ ಅಲುಗದಂತೆ ಕೂರುತ್ತದೆ. ಅದನ್ನೇ ಬಾಯಿಗೆ ಹಾಕಿಕೊಂಡವರು ಒತ್ತುತ್ತದೆ ಎನ್ನುತ್ತಾರೆ. ಅಳತೆ ಸರಿಯಿದೆ, ಅಚ್ಚು ಸರಿಯಿದೆ, ಆದರೂ ಒತ್ತುತ್ತದೆ. ಹಾಗಾದರೆ ಒತ್ತುವುದು ಸಂಗತಿಯೋ ಅಭಿಪ್ರಾಯವೋ ಎಂದು ಕೇಳಿದ್ದೆ. ಅದಕ್ಕೆ ಅವರು ಮರುದಿನ ಬೆಳಿಗ್ಗೆ ಬರೆದರು: ‘ಲಿಫ್ಟಿನಲ್ಲಿ ನಿಂತವರು ಹೆದರಿಕೆ ಆಗುತ್ತೆ ಅಂತಾರೆ. ನೋಡಿದ್ರೆ ಹಗ್ಗ ಗಟ್ಟಿ ಇರುತ್ತೆ. ಹೆದರಿಕೆ ನಂಬಿ ಲಿಫ್ಟ್ ನಿಲ್ಲಿಸಿದ್ರೆ ಒಬ್ಬರೂ ಮೇಲೆ ಹೋಗೋ ಹಾಗಿಲ್ಲ. ಪುರಾವೆ ಸಿಗೋವರೆಗೆ ನಾನು ಸ್ಪ್ಯಾನರ್ ಮುಟ್ಟೋನಲ್ಲ.’ ಈ ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆಯಬೇಕೆಂದು ಕೋರುತ್ತೇನೆ.

ನನ್ನ ಫೋನನ್ನು ಠಾಣೆಯವರು ತೆಗೆದುಕೊಂಡು ಓದಿದ್ದಾರೆ. ಅದರಲ್ಲಿ ‘ನಾಳೆ ಬೆಳಿಗ್ಗೆ ನಿಮಗೊಂದು ಗತಿ ಕಾಣಿಸ್ತೀನಿ’ ಎಂಬ ಸಂದೇಶವಿರುವುದರಿಂದ ಇದು ಬೆದರಿಕೆಯ ಪ್ರಕರಣವೆಂದು ಸಬ್ ಇನ್‌ಸ್ಪೆಕ್ಟರ್ ಅವರಿಗೆ ಅನುಮಾನ ಬಂದಿದೆಯಂತೆ. ಆ ಸಂದೇಶ ನಾನು ಅವರಿಗೆ ಕಳಿಸಿದ್ದು. ‘ನಿಮ್ಮ ತಲೆಯಲ್ಲಿ ಮಿದುಳಿರೋದಕ್ಕೆ ಏನು ಪುರಾವೆ’ ಎಂಬುದೂ ನನ್ನದೇ. ಯಾರ ಕಡೆಯಿಂದ ಯಾರ ಕಡೆಗೆ ಹೋಗಿದೆ ಎಂದು ದಯವಿಟ್ಟು ಮತ್ತೊಮ್ಮೆ ನೋಡಬೇಕು. ಅವರು ಒಂದು ಸಲವೂ ಮರ್ಯಾದೆ ತಪ್ಪಿ ಬರೆದವರಲ್ಲ. ಅದೇ ನನಗೆ ಇನ್ನೂ ಸಿಟ್ಟು ಬರಿಸುತ್ತಿತ್ತು.

ಇಂದು ಸೋಮವಾರ. ಬೆಳಿಗ್ಗೆ ಆರೂಕಾಲರ ಸುಮಾರಿಗೆ ನಾನು ಕೆಲಸದ ಕೋಣೆಗೆ ಹೋದೆ. ಅದು ಮನೆಯ ಒಳಭಾಗದಲ್ಲಿದೆ. ಪ್ಲಾಸ್ಟರ್ ಪುಡಿ ಮನೆಯೆಲ್ಲ ಹರಡಬಾರದೆಂದು ಅದರ ಬಾಗಿಲು, ಕಿಟಕಿ ಎರಡನ್ನೂ ಯಾವಾಗಲೂ ಮುಚ್ಚಿರುತ್ತೇನೆ. ಗೋಡೆಗೆ ಒಂದು ಕಬ್ಬಿಣದ ರಾಕ್ ಇದೆ. ಮೇಲಿನ ಹಲಗೆಯಲ್ಲಿ ಪ್ಲಾಸ್ಟರ್ ಚೀಲಗಳು, ಕೆಳಗೆಲ್ಲ ಹಳೆಯ ಅಚ್ಚುಗಳು, ಹಲ್ಲಿನ ಸೆಟ್‌ಗಳು. ಸ್ಟೂಲ್ ಹತ್ತಿ ಒಂದು ಚೀಲ ಎಳೆಯುವಾಗ ರಾಕನ್ನು ಗೋಡೆಗೆ ಹಿಡಿದಿದ್ದ ಕೊಕ್ಕೆ ಕಿತ್ತುಬಂತು. ನಾನು ಕೆಳಗೆ ಬಿದ್ದೆ, ನನ್ನ ಮೇಲೆ ರಾಕ್ ಬಿತ್ತು. ಎಡಗಾಲು ಮೊಣಕಾಲಿನಿಂದ ಕೆಳಗೆ ಅದರಡಿ ಸಿಕ್ಕಿಕೊಂಡಿತು. ಸುತ್ತಲೂ ಹಲ್ಲಿನ ಸೆಟ್‌ಗಳು ಚೆಲ್ಲಾಪಿಲ್ಲಿಯಾಗಿ ಬಿದ್ದು ನನ್ನನ್ನೇ ನೋಡಿ ಕಿಸಿಯುತ್ತಿದ್ದವು. ಫೋನ್ ಮೇಜಿನ ಮೇಲಿತ್ತು. ಕೈ ಚಾಚಿದರೆ ಮೇಜಿನ ಕಾಲು ಸಿಗುತ್ತಿತ್ತು, ಫೋನ್ ಸಿಗುತ್ತಿರಲಿಲ್ಲ.

ಕೂಗಿದೆ. ಮಹಡಿಯ ಮನೆಯವರು ಊರಲ್ಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ನಿವೇಶನದಲ್ಲಿ ಕಾಂಕ್ರೀಟ್ ಕಲಸುವ ಯಂತ್ರ ಶುರುವಾಯಿತು. ಆಮೇಲೆ ನನ್ನ ಕೂಗು ಕೋಣೆಯ ಆಚೆ ಹೋಗುವಂತಿರಲಿಲ್ಲ. ಮಲಗಿದ್ದಲ್ಲೇ ಲೆಕ್ಕ ಹಾಕಿದೆ. ಊರಾಚೆ ಇರುವ ತಂಗಿ ಫೋನ್ ಮಾಡುವುದು ಭಾನುವಾರ, ಅದು ನಿನ್ನೆ ಮುಗಿದಿತ್ತು. ಕ್ಲಿನಿಕ್ಕಿನವರು ಸೆಟ್ ಒಯ್ಯಲು ಬರುವುದು ಗುರುವಾರ. ನಡುವೆ ನನ್ನನ್ನು ಏನಾದೆ ಎಂದು ಕೇಳುವವರು ಒಬ್ಬರೂ ಇಲ್ಲ. ದಿನವಿಡೀ ಊರಿನವರ ಬಾಯಿ ಸರಿಮಾಡುವವಳಿಗೆ ಬಾಯಿ ತುಂಬ ಮಾತಾಡಲು ಜನವಿಲ್ಲ ಎಂಬುದು ಆವಾಗ ಚೆನ್ನಾಗಿ ಅರ್ಥವಾಯಿತು. ತುಂಬ ಹೆದರಿದೆ.

ಆಗ ಫೋನ್ ಟಣ್ ಎಂದಿತು. ಪುರಾವೆಯವರ ಬೆಳಗಿನ ಮಾತು. ಸ್ವಲ್ಪ ಬಿಟ್ಟು ಇನ್ನೊಂದು ಸಲ ಟಣ್ ಎಂದಿತು. ಇವರು ಅಲ್ಲಿ ಏನೋ ತಪ್ಪು ಬರೆದು ಕೂತಿದ್ದಾರೆ, ನಾನು ಇಲ್ಲಿ ಉತ್ತರ ಕೊಡಲಾಗದೆ ಬಿದ್ದಿದ್ದೇನೆ ಎಂಬ ಸಂಕಟ ಕಾಲಿನ ನೋವಿಗಿಂತ ಹೆಚ್ಚಾಗಿತ್ತು. ನಗಬೇಡಿ ಎಂದು ಹೆಡ್ ಕಾನ್‌ಸ್ಟೇಬಲ್ ಅವರಿಗೆ ಹೇಳಿದ್ದೇನೆ, ಇದು ನಡೆದದ್ದೇ. ಆ ಸದ್ದು ಬಂದಾಗಲೆಲ್ಲ ಏನು ಉತ್ತರ ಕೊಡಬಹುದೆಂದು ಯೋಚಿಸಿಕೊಂಡು ಎಚ್ಚರ ತಪ್ಪದೆ ಉಳಿದೆ.

ಅವರು ಬರೆದಿದ್ದೇನೆಂದು ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಅವರು ಫೋನ್ ತೋರಿಸಿದಾಗಲೇ ನಾನು ನೋಡಿದ್ದು. ಮೊದಲನೆಯದು, ಹೆಚ್ಚು ಜನ ಒಪ್ಪಿದ ಮಾತ್ರಕ್ಕೆ ಅಭಿಪ್ರಾಯ ಸಂಗತಿಯಾಗುವುದಿಲ್ಲ ಎಂದಿತ್ತು. ಎರಡನೆಯದು, ‘ಏನ್ ಮೇಡಂ, ಇವತ್ತು ಉತ್ತರ ಇಲ್ಲ?’ ಮೂರನೆಯದು, ಹಲ್ಲು ಒತ್ತುತ್ತದೆ ಅನ್ನುವವರೆಲ್ಲ ಸುಳ್ಳು ಹೇಳುತ್ತಾರೆ ಎಂದು. ನನ್ನನ್ನು ಕೆರಳಿಸಲೆಂದೇ ಬರೆದದ್ದು, ಅವರಿಗೂ ಅದರಲ್ಲಿ ನಂಬಿಕೆಯಿಲ್ಲ. ಆಮೇಲೆ ಬಹಳ ಹೊತ್ತಿನ ಮೇಲೆ ಬಂದ ನಾಲ್ಕನೆಯದು ಇದು: ‘ಒಪ್ಪಿದೆ. ಬೆಂಚು ಎತ್ತರಾನೇ. ನೀವು ಗೆದ್ರಿ.’

ಇದನ್ನು ಓದಿ ನಾನು ಅತ್ತೆ. ಗೆದ್ದದ್ದಕ್ಕಲ್ಲ.

ಏಕೆಂದರೆ ಇದಾದ ಮೇಲೂ ನನ್ನಿಂದ ಉತ್ತರ ಹೋಗಲಿಲ್ಲ. ಸೋತೆ ಎಂದು ಒಪ್ಪಿಕೊಂಡ ಮೇಲೂ ಈ ಹೆಂಗಸು ಸುಮ್ಮನಿದ್ದಾಳೆಂದರೆ ಏನೋ ಆಗಿರಲೇಬೇಕು ಎಂದು ಅವರಿಗೆ ಅನ್ನಿಸಿದೆ. ಕೆಲಸಕ್ಕೆ ಹೊರಟಿದ್ದವರು ಸ್ಕೂಟರನ್ನು ಈ ಕಡೆ ತಿರುಗಿಸಿದ್ದಾರೆ. ನನ್ನ ವಿಳಾಸ ಅವರಿಗೆ ಗೊತ್ತಿರಲಿಲ್ಲ. ಔಷಧಿ ಅಂಗಡಿಗೆ ಹೋಗಿ ಕೇಳಿಕೊಂಡು ಬಂದಿದ್ದಾರೆ. ಇದನ್ನು ಔಷಧಿ ಅಂಗಡಿಯವರು ಈಗ ನನ್ನ ಮಂಚದ ಪಕ್ಕದಲ್ಲೇ ನಿಂತು ಹೌದು ಎನ್ನುತ್ತಿದ್ದಾರೆ. ಆಗ ಒಂಬತ್ತೂವರೆ ಆಗಿತ್ತಂತೆ.

ನನ್ನ ಮುಂಬಾಗಿಲು ಎಳೆದುಕೊಂಡರೆ ತಾನೇ ಬೀಗ ಬೀಳುವಂಥದ್ದು. ಒಳಗೆ ಜನ ಇದ್ದಾರೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ. ಅವರು ಕರೆಗಂಟೆ ಒತ್ತಿದರು, ನನ್ನ ನಂಬರಿಗೆ ಫೋನ್ ಮಾಡಿದರು. ಮೇಜಿನ ಮೇಲೆ ಅದು ಹೊಡೆದುಕೊಳ್ಳುವುದು ನನಗೆ ಕೇಳಿಸಿತು. ಅವರ ದನಿ ನನಗೆ ಕೇಳಲಿಲ್ಲ, ನನ್ನ ದನಿ ಅವರಿಗೆ ಕೇಳಲಿಲ್ಲ. ಬಾಗಿಲಿನ ಮುಂದೆ ನಡೆದ ಮಾತುಕತೆಯನ್ನು ಎದುರು ಮನೆಯ ಮೇಷ್ಟ್ರು ಮಧ್ಯಾಹ್ನ ಆಸ್ಪತ್ರೆಗೆ ಬಂದು ಹೇಳಿದ್ದು, ಅವರು ಹೇಳಿದ ಹಾಗೆಯೇ ತಿಳಿಸುತ್ತೇನೆ. ಅಪರಿಚಿತ ಮನುಷ್ಯನೊಬ್ಬ ನನ್ನ ಬಾಗಿಲ ಬಳಿ ಚೀಲದಿಂದ ಕಬ್ಬಿಣದ ಸಲಾಕೆ ತೆಗೆಯುತ್ತಿದ್ದುದನ್ನು ಕಂಡು ಮೇಷ್ಟ್ರು ರಸ್ತೆ ದಾಟಿ ಬಂದರಂತೆ.

‘ಯಾರು ನೀವು? ಅವರಿಗೆ ಏನಾಗಬೇಕು?’

‘ಏನೂ ಆಗಬೇಕಿಲ್ಲ.’

‘ಪರಿಚಯಾನಾ?’

‘ಮುಖ ನೋಡಿಲ್ಲ. ದಿನಾ ಜಗಳ ಆಡ್ತೀವಿ.’

‘ಒಳಗೆ ಇದಾರೆ ಅಂತ ಹೇಗೆ ಗೊತ್ತು?’

‘ಫೋನ್ ಎತ್ತುತ್ತಿಲ್ಲ, ಅದು ಸಂಗತಿ. ಅವರು ಒಳಗಿದಾರೆ, ತೊಂದರೇಲಿದಾರೆ, ಅದು ನನ್ನ ಅಭಿಪ್ರಾಯ.’

ಹೀಗೆಂದು ಅವರು ಬಾಗಿಲ ಸಂದಿಗೆ ಸಲಾಕೆ ತೂರಿಸಿದರಂತೆ. ಮೇಷ್ಟ್ರು ಓಡಿಹೋಗಿ ಠಾಣೆಗೆ ಫೋನ್ ಮಾಡಿದರು. ಮೇಷ್ಟ್ರ ಮೇಲೆ ನನಗೆ ಸ್ವಲ್ಪವೂ ಬೇಸರವಿಲ್ಲ. ಜಗಳವಾಡುವವನು ಸಲಾಕೆ ಹಿಡಿದು ಬಂದರೆ ಯಾರಾದರೂ ಪೊಲೀಸರನ್ನೇ ಕರೆಯುತ್ತಾರೆ. ನನ್ನ ಮನೆಯ ಮೇಲೆ ಅವರ ಒಂದು ಕಣ್ಣಿದೆ ಎಂದು ತಿಳಿದು ಸಂತೋಷವೇ ಆಯಿತು. ಎದುರುಬದುರು ಇದ್ದು ಇಷ್ಟು ವರ್ಷಗಳಲ್ಲಿ ನಾವು ಮಾತಾಡಿದ್ದು ಕಸದ ಗಾಡಿಯ ಬಗ್ಗೆ ಮಾತ್ರ.

ಕೆಲಸದ ಕೋಣೆಯ ಬಾಗಿಲು ತೆಗೆದವರು ಸುಮಾರು ಅರುವತ್ತರ ಒಬ್ಬ ಕುಳ್ಳಗಿನ ಮನುಷ್ಯ. ಎಲ್ಲರೂ ಪುರಾವೆ ಅನ್ನುವುದು ತನ್ನನ್ನೇ ಎಂದರು. ಬೆಳಿಗ್ಗೆಯಿಂದ ಏನು ಬರೆಯುತ್ತಿದ್ದೀರಿ, ಉತ್ತರ ಕೊಡಲು ಆಗಲಿಲ್ಲ ಎಂದು ನಾನು ಹೇಳಿದೆ. ‘ಆಮೇಲೆ ಕೊಡಿ ಅಕ್ಕ. ಮೊದಲು ಕಾಲು ನೋಡೋಣ’ ಎಂದರು. ಒಂದು ವರ್ಷ ಮೇಡಂ ಎಂದು ಬರೆದವರು ಎದುರಿಗೆ ಬಂದಾಗ ಅಕ್ಕ ಎಂದರು.

ಅವರು ರಾಕನ್ನು ಒಂದೇ ಸಲಕ್ಕೆ ಎತ್ತಲು ಹೋಗಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ ಮೊದಲು ಸುತ್ತ ನೋಡಿದರು. ಸಲಾಕೆ ಕೊಟ್ಟು ರಾಕಿನ ಒಂದು ಬದಿಯನ್ನು ಸ್ವಲ್ಪ ಎಬ್ಬಿಸಿ, ಆ ಸಂದಿಗೆ ನನ್ನ ಹಳೆಯ ಪ್ಲಾಸ್ಟರ್ ಅಚ್ಚುಗಳನ್ನು ತುರುಕಿದರು. ಇನ್ನೊಂದು ಚೂರು ಎಬ್ಬಿಸಿ ಮತ್ತೊಂದಿಷ್ಟು ತುರುಕಿದರು. ಭಾರದ ಕೆಳಗೆ ಆಸರೆ ಕೊಡದೆ ಕೈ ಹಾಕಬಾರದು, ಲಿಫ್ಟಿನವರು ಮೊದಲು ಕಲಿಯುವುದು ಅದನ್ನೇ ಎಂದು ನನ್ನ ಗಮನ ಬೇರೆಡೆ ಇರಲೆಂದೋ ಏನೋ ಹೇಳುತ್ತಲೇ ಇದ್ದರು. ಯಾರದೋ ದವಡೆಯ ಅಚ್ಚೊಂದು ಪಟಕ್ಕನೆ ಒಡೆದು ರಾಕ್ ವಾಲಿತು. ಅವರು ಕೂಡಲೇ ಮಂಡಿಯೂರಿ ಹೆಗಲು ಕೊಟ್ಟರು.

ಪೊಲೀಸರು ಒಳಗೆ ಬಂದದ್ದು ಆವಾಗ. ಮುಂದಿದ್ದ ಪೊಲೀಸಿನವರು ಕೈ ಮೇಲೆತ್ತಬೇಕೆಂದು ಅವರಿಗೆ ಆಜ್ಞೆ ಮಾಡಿದರು. ಕೈ ಎತ್ತಿದರೆ ರಾಕ್ ಬೀಳುತ್ತದೆ, ರಾಕ್ ಬಿದ್ದರೆ ಇವರ ಕಾಲು ಹೋಗುತ್ತದೆ, ಇದರಲ್ಲಿ ಯಾವ ಅಭಿಪ್ರಾಯವೂ ಇಲ್ಲ, ಬಂದು ಹಿಡಿಯಬೇಕು ಎಂದು ಅವರು ತಲೆ ತಗ್ಗಿಸಿಕೊಂಡೇ ಹೇಳಿದರು. ಪೊಲೀಸಿನವರು ಲಾಠಿ ಕೆಳಗಿಟ್ಟು ಬಂದು ಹಿಡಿದರು. ಅವರಿಗೂ ನಾನು ಋಣಿ. ನನ್ನ ಕಾಲು ಹೊರಗೆ ಬಂತು. ಅಷ್ಟರಲ್ಲಿ ನನಗೆ ಕಣ್ಣು ಕತ್ತಲೆ ಬಂದು ಎಚ್ಚರ ತಪ್ಪಿತು. ನಾನು ಬಾಯಿ ಬಿಡುವ ಸ್ಥಿತಿಯಲ್ಲಿ ಇಲ್ಲದ್ದರಿಂದ ಅವರ ಪರವಾಗಿ ಹೇಳುವವರು ಆ ಕೋಣೆಯಲ್ಲಿ ಯಾರೂ ಉಳಿಯಲಿಲ್ಲ. ನನ್ನನ್ನು ಆಂಬುಲೆನ್ಸಿನಲ್ಲಿ ಇಲ್ಲಿಗೆ ತಂದರು. ಅವರನ್ನು ಜೀಪಿನಲ್ಲಿ ಅಲ್ಲಿಗೆ ಒಯ್ದರು.

ಠಾಣೆಯಲ್ಲಿ ಅವರು ಕೊಟ್ಟ ಉತ್ತರಗಳನ್ನು ಹೆಡ್ ಕಾನ್‌ಸ್ಟೇಬಲ್ ಅವರಿಂದ ತಿಳಿದೆ. ಬಾಗಿಲು ಮುರಿದದ್ದು ಹೌದೇ ಎಂದರೆ ಹೌದು ಎಂದಿದ್ದಾರೆ. ಅದಕ್ಕೆ ನಿನ್ನ ಬಳಿ ಏನು ಆಧಾರವಿತ್ತು ಎಂದರೆ ಆಧಾರ ಇರಲಿಲ್ಲ ಎಂದಿದ್ದಾರೆ. ಒಳಗಿಂದ ಕೂಗು ಕೇಳಿಸಿತು ಎಂದು ಒಂದೇ ಒಂದು ಮಾತು ಹೇಳಿದ್ದರೆ ಹತ್ತು ನಿಮಿಷದಲ್ಲಿ ಬಿಟ್ಟು ಕಳಿಸುತ್ತಿದ್ದರಂತೆ. ಆ ಮಾತನ್ನು ಅವರ ಬಾಯಿಗೆ ಇಟ್ಟೂ ನೋಡಿದ್ದಾರೆ. ಕೇಳಿಸಲಿಲ್ಲ, ಕೇಳಿಸಿತು ಅಂತ ಹೇಗೆ ಹೇಳಲಿ ಎಂದು ಇವರು ತಲೆ ಅಲ್ಲಾಡಿಸಿದ್ದಾರೆ. ರಾಕನ್ನು ನನ್ನ ಮೇಲೆ ತಳ್ಳಿದ್ದು ನೀನೇ ಏಕಾಗಿರಬಾರದು ಎಂದು ಕೇಳಿದ್ದಕ್ಕೆ, ಅದಕ್ಕೂ ತನ್ನ ಬಳಿ ಪುರಾವೆ ಇಲ್ಲ, ಅಕ್ಕ ಎಚ್ಚರವಾದ ಮೇಲೆ ಕೇಳಿ ಎಂದು ಹೇಳಿ ಬೆಂಚಿನ ಮೇಲೆ ಕೂತಿದ್ದಾರಂತೆ. ಇಂಥ ಪ್ರಾಣಿಯ ಜೊತೆ ಒಂದು ವರ್ಷ ಹೆಣಗಿದ್ದೇನೆಂದರೆ ನನ್ನ ತಾಳ್ಮೆಯೂ ಸಣ್ಣದಲ್ಲ.

ಈಗ ನಾನು ಎಚ್ಚರವಾಗಿದ್ದೇನೆ. ಆದ್ದರಿಂದ ಹೇಳುತ್ತೇನೆ. ರಾಕನ್ನು ಯಾರೂ ತಳ್ಳಲಿಲ್ಲ, ಕೊಕ್ಕೆ ಕಿತ್ತಿತು. ಅವರು ಬಂದದ್ದು ಮೂರು ಗಂಟೆಗಳಿಗೂ ಹೆಚ್ಚು ಹೊತ್ತಿನ ಮೇಲೆ. ಕಾಲಿನ ಎರಡು ಮೂಳೆ ಮುರಿದಿವೆ, ರಕ್ತ ಓಡಾಟ ನಿಂತುಹೋಗುವುದರಲ್ಲಿತ್ತು, ಮಧ್ಯಾಹ್ನದವರೆಗೆ ಬಿಟ್ಟಿದ್ದರೆ ಕಾಲು ಉಳಿಯುತ್ತಿರಲಿಲ್ಲ, ಗುರುವಾರದವರೆಗೆ ಬಿಟ್ಟಿದ್ದರೆ ನಾನೇ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇದು ಸಂಗತಿಯೋ ಅಭಿಪ್ರಾಯವೋ ಎಂದು ಬಾಯಿತಪ್ಪಿ ಅವರನ್ನೂ ಕೇಳಿಬಿಟ್ಟೆ. ‘ಅಮ್ಮಾ, ನೀವು ಸ್ವಲ್ಪ ಮಲಗಿಕೊಳ್ಳಿ’ ಎಂದರು.

ಮುರಿದ ಬಾಗಿಲಿನ ಬಗ್ಗೆ ನನ್ನ ದೂರಿಲ್ಲ. ಅದನ್ನು ತಾನೇ ಸರಿಮಾಡಿಕೊಡುತ್ತೇನೆಂದು ಅವರು ಠಾಣೆಯಲ್ಲಿ ಹೇಳಿದ್ದಾರಂತೆ. ಬೇಡ ಎನ್ನುವುದಿಲ್ಲ, ಬರಲಿ. ಬಂದಾಗ ಟೀ ಮಾಡಿ ಕೊಡಲು ನನಗೆ ಇನ್ನೂ ಕೆಲವು ವಾರ ಆಗದು, ತಂಗಿ ಬಂದಿರುತ್ತಾಳೆ, ಅವಳು ಮಾಡುತ್ತಾಳೆ. ಪುರಾವೆ ಸಿಗುವವರೆಗೆ ಸ್ಪ್ಯಾನರ್ ಮುಟ್ಟುವುದಿಲ್ಲ ಎನ್ನುತ್ತಿದ್ದವರು ನನಗಾಗಿ ಬರೀ ಒಂದು ಅನಿಸಿಕೆಯನ್ನು ನಂಬಿ ಸಲಾಕೆ ಎತ್ತಿದರು. ತಪ್ಪಾಗಿದ್ದರೆ ಬಡಾವಣೆಗೆಲ್ಲ ನಗೆಪಾಟಲಾಗುತ್ತಿದ್ದರು, ಜೈಲಿಗೂ ಹೋಗುತ್ತಿದ್ದರು. ಅದು ಗೊತ್ತಿದ್ದೂ ಎತ್ತಿದರು. ನನ್ನ ಆಯುಸ್ಸಿನಲ್ಲಿ ನನ್ನ ಮಾತನ್ನು ಇಷ್ಟು ಗಮನವಿಟ್ಟು ಕೇಳಿದವರು ಇನ್ನೊಬ್ಬರಿಲ್ಲ. ನಾನು ಸುಮ್ಮನಾದದ್ದನ್ನೂ ಅವರು ಕೇಳಿಸಿಕೊಂಡರು. ಅವರಿಗೆ ನಾನು ಕೃತಜ್ಞಳಾಗಿದ್ದೇನೆ.

ಮೇಲಿನದೆಲ್ಲವನ್ನೂ ನನಗೆ ಓದಿ ಹೇಳಿದ್ದಾರೆ. ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಕೇಳಿದ್ದೆಂದೂ ಹೇಳಿದ್ದೇನೆ. ‘ಅವರು ನನ್ನ ಜೀವ ಉಳಿಸಿದರು’ ಎಂಬ ವಾಕ್ಯ ಅಭಿಪ್ರಾಯವಾಗುತ್ತದೆ, ಹೇಳಿಕೆಯಲ್ಲಿ ಬರುವಂತಿಲ್ಲ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಪೆನ್ನು ಎತ್ತಿದ್ದರು. ಅದನ್ನು ಬಿಟ್ಟರೆ ನಾನು ಸಹಿ ಹಾಕುವುದಿಲ್ಲ ಎಂದೆ. ಅವರು ಪೆನ್ನು ಇಳಿಸಿ ಬರೆದುಕೊಂಡರು.

ಅವರು ನನ್ನ ಜೀವ ಉಳಿಸಿದರು. ಇದಕ್ಕೆ ಪುರಾವೆ ಕೇಳುವವರು ಯಾರಾದರೂ ಇದ್ದರೆ, ಈ ಕೆಳಗೆ ನಾನೇ ನನ್ನ ಕೈಯಾರೆ ಹಾಕಿರುವ ಸಹಿಯನ್ನು ನೋಡಬಹುದು.

ಸ್ಥಳ: ಆಸ್ಪತ್ರೆ, ಮೂಳೆ ವಿಭಾಗ, ಕಿಟಕಿ ಪಕ್ಕದ ಮಂಚ
ದಿನ: ಸೋಮವಾರ, ಸಂಜೆ ನಾಲ್ಕು ಗಂಟೆ
(ಸಹಿ) ಹಲ್ಲಿನಕ್ಕ